ಹಾಸಿಗಿ ಮ್ಯಾಲಿದ್ದವ್ರನ್ನ ಎಣಿಸಿದ್ರಷ್ಟೇ ಆಯ್ತೇನ್ರಿ, ಮನ್ಯಾಗ ಉಳ್ದವ್ರ ಲೆಕ್ಕ?

ಹೋದ ತಿಂಗಳ ಆಳಂದ ಕಡಿ ಒಂದ್ ಮದ್ವಿಗಿ ಹೋಗಿದ್ದೆ. ಊಟ ಮುಗ್ಸಿ ಪೆಂಡಾಲ್ ನೆಳ್ಳಿಗಿ ಕುರ್ಚಿ ಎಳ್ಕೊಂಡು ಎಲಿ ಅಡಿಕಿ ಹಾಕ್ಲತ್ತಾಗ ನಮ್ಮ ಕಾಕಾ ಮಾತ್ ತಗದ್ರು, "ತಮ್ಮಾ, ನೀ ದವಾಖಾನ್ಯಾಗ ಕಾಗದಾ ಬರಿಯಾಂವ, ನೀನೇ ಖರೇ ಹೇಳು, ಕೊರೋನಾ ಮೂರನೇ ಅಲಿ ಬಂದಾಗ ಅಡ್ಮಿಟ್ ಆದವ್ರೊಳಗ ಸೂಜಿ ಮಾಡಸ್ಕೊಂಡವ್ರೇ ಜಾಸ್ತಿ ಇದ್ರೋ ಇಲ್ಲೋ?" ಅಂತ. ನಾ ಹೌದ್ರಿ ಕಾಕಾ, ಜಾಸ್ತಿನೇ ಇದ್ರು ಅಂದೆ. ಕೂತ ನಾಕ್ ಮಂದಿ ಒಬ್ರ ಮಾರಿ ಒಬ್ರು ನೋಡಿದ್ರು, ಕಾಕಾ "ಮತ್ತ? ನಾ ಹೇಳಿದ್ದು ಇದೇ" ಅಂದ್ರು, ಅಷ್ಟೊತ್ತಿಗಿ ಬಸ್ಸಿನ ಟೈಮ್ ಆಯ್ತಂತ ಎಲ್ಲಾರೂ ಎದ್ದೇ ಬಿಟ್ರು. ನಾ ಹೇಳಿದ್ದು ಸುಳ್ಳಲ್ಲ, ಆದ್ರ ಅರ್ಧಾ ಮಾತು. ಉಳ್ದ ಅರ್ಧಾ ಬಾಯಾಗೇ ಉಳೀತು, ಅದು ಅವತ್ತಿನಿಂದ ಎದಿಯೊಳಗ ಚುಚ್ಲತ್ತದ, ಅದಕ್ಕ ಇಲ್ಲಿ ಪೂರಾ ಬರೀಲತ್ತೀನಿ.

ನಾ ಡಾಕ್ಟರ್ ಅಲ್ಲ. ಕಲಬುರಗಿಯ ಒಂದ್ ದವಾಖಾನ್ಯಾಗ ರೆಕಾರ್ಡ್ ರೂಮಿನ ಕೆಲ್ಸ ನಂದು, ಯಾರು ಬಂದ್ರು, ಯಾವ ವಾರ್ಡ್, ಯಾವತ್ತು ಡಿಸ್ಚಾರ್ಜ್, ಅದೆಲ್ಲಾ ಬರ್ದು ಕಂಪ್ಯೂಟರ್‌ಗಿ ಹಾಕೂದು. ದೇಶದ ಮೊದಲ್ನೇ ಕೊರೋನಾ ಸಾವು ಆಗಿದ್ದು ನಮ್ಮ ಕಲಬುರಗ್ಯಾಗೇ, 2020ರ ಮಾರ್ಚ್‌ನಾಗ, ಆವಾಗ ಸೂಜಿನೂ ಇರ್ಲಿಲ್ಲ, ಔಷಧನೂ ಇರ್ಲಿಲ್ಲ. 2021ರಾಗ ಕೇಸ್ ಶೀಟಿನ ಮೊದಲ್ನೇ ಹಾಳಿಯೊಳಗ ಹೆಸ್ರು, ವಯಸ್ಸು, ಊರು, ಶುಗರ್ ಬಿಪಿ ಇವುಗಳ ಕೆಳಗ ಇನ್ನೊಂದು ಖಾನೆ ಬಂತು, ವ್ಯಾಕ್ಸಿನ್. ಅದ್ರಾಗ 0 ಇಲ್ಲಾ 1 ಇಲ್ಲಾ 2 ಬರೀಬೇಕು. ಜೇವರ್ಗಿ ಕಡಿಯಿಂದ ಬಂದ ಒಬ್ಬ ಮುತ್ಯಾ, ಉಸಿರು ಎಳಿಲಿಕ್ಕೂ ಕಷ್ಟ ಆಗ್ಲತ್ತಿತ್ತು, ಆದ್ರೂ ಅಂಗಿ ಒಳಗಿನ ಬಂಡಿ ಕಿಸೆಕ್ಕ ಕೈ ಹಾಕಿ ಪ್ಲಾಸ್ಟಿಕ್ ಕವರಿನಾಗ ನಾಕ್ ಮಡಿಕಿ ಮಾಡಿಟ್ಟ ಸರ್ಟಿಫಿಕೇಟ್ ತಗದು ನನ್ನ ಟೇಬಲ್ ಮ್ಯಾಲ ಇಟ್ರು, ಬೆವರಿಗಿ ಕಾಗದದ ಅಂಚು ಮೆತ್ತಗ ಆಗಿತ್ತು. "ಎರಡೂ ಮಾಡಸೀನಿ ಸಾಹೇಬ್ರ, ಮತ್ತ ನಂಗ್ಯಾಕ ಬಂತು?" ಅಂತ ಕೇಳಿದ್ರು. ನಾ ಏನೂ ಹೇಳ್ಲಿಕ್ಕ ಆಗ್ದೇ 2 ಅಂತ ಬರ್ದೆ. ಐದನೇ ದಿನಕ್ಕ ಅವ್ರ ಆಕ್ಸಿಜನ್ ತಗ್ದ್ರು, ಆಮ್ಯಾಲ ನಡ್ಕೊಂತ ಮನಿಗಿ ಹೋದ್ರು. ಆ ಮುತ್ಯಾನ ಪ್ರಶ್ನಿ, ನಮ್ಮ ಕಾಕಾನ ಪ್ರಶ್ನಿ ಎರಡೂ ಒಂದೇ.

ಮೊದ್ಲ ಲೆಕ್ಕ ನೋಡೂಣ್ರಿ, ಐದನೇ ಕ್ಲಾಸಿನ ಲೆಕ್ಕ ಸಾಕು. ಒಂದ್ ತಾಲ್ಲೂಕಿನಾಗ 60 ದಾಟಿದ ಮಂದಿ 10,000 ಅದಾರ ಅಂತ ತಿಳ್ಕೊರ್ರಿ, ಈ ಅಂಕಿ ನಾ ತಿಳೀಲಿ ಅಂತ ಹಾಕ್ಕೊಂಡಿದ್ದು. ಅವ್ರೊಳಗ 9,500 ಮಂದಿ ಸೂಜಿ ಮಾಡಸ್ಕೊಂಡಾರ, 500 ಮಂದಿ ಇಲ್ಲ. ವೈರಸ್ ಊರೆಲ್ಲಾ ಹಬ್ತು. ಸೂಜಿ ಇಲ್ದವ್ರೊಳಗ ನೂರಕ್ಕ 10 ಮಂದಿ ಅಡ್ಮಿಟ್ ಆಗ್ತಾರ, ಸೂಜಿ ಆದವ್ರೊಳಗ ನೂರಕ್ಕ ಒಬ್ರೇ, ಅಂದ್ರ ಸೂಜಿ ಅಡ್ಮಿಷನ್ನಿನ ಅಪಾಯ 90 ಪರ್ಸೆಂಟ್ ಕಮ್ಮಿ ಮಾಡ್ತು. ಈಗ ವಾರ್ಡಿನಾಗ ಹೋಗಿ ನಿಂತ್ ಎಣಿಸ್ರಿ. ಸೂಜಿ ಇಲ್ದ 500ರಾಗ 50 ಮಂದಿ, ಸೂಜಿ ಆದ 9,500ರಾಗ 95 ಮಂದಿ. ಒಟ್ಟು 145 ಹಾಸಿಗಿ, ಅದ್ರಾಗ ಮೂರ್ನಾಗ ಎರಡು ಪಾಲು ಸೂಜಿ ಮಾಡಸ್ಕೊಂಡವ್ರದ್ದೇ! ಹೊರಗ ನಿಂತ್ ನೋಡಿದಾಂವ "ನೋಡ್ರಿ, ಸೂಜಿ ಮಾಡಸ್ಕೊಂಡವ್ರೇ ಬಿದ್ದಾರ" ಅಂತಾನ, ಅಂವ ಹೇಳೂದು ಕಣ್ಣಿಗಿ ಕಂಡಿದ್ದೇ. ಆದ್ರ ಸೂಜಿನೇ ಇರ್ಲಿಲ್ಲ ಅಂದ್ರ ಆ ಹತ್ತು ಸಾವಿರದಾಗ 1,000 ಮಂದಿ ಬರ್ತಿದ್ರು. ಬಂದಿದ್ದು 145. ಉಳ್ದ 855 ಮಂದಿ ಮನ್ಯಾಗೇ ಒಂದೆರಡು ದಿನ ಜ್ವರಾ ಬಂದು ಮಲ್ಗಿ ಎದ್ರು, ಇಲ್ಲಾ ಅದೂ ಆಗ್ಲಿಲ್ಲ, ಹೊಲಕ್ಕ ಹೋದ್ರು. ಅವ್ರ ಹೆಸ್ರು ನನ್ನ ರಿಜಿಸ್ಟರಿನಾಗ ಬರೋದೇ ಇಲ್ಲ, ಬರಾಕ ಜಾಗನೂ ಇಲ್ಲ. ದವಾಖಾನಿ ರಿಜಿಸ್ಟರ್ ಅನ್ನೂದು ಬಂದವ್ರನ್ನಷ್ಟೇ ಬರ್ಕೊಳ್ಳೂ ಪುಸ್ತಕ.

ಸೂಜಿ ಮಾಡಸ್ಕೊಂಡವ್ರ ಸಂಖ್ಯೆ ಊರಾಗ ಎಷ್ಟೆಷ್ಟು ಜಾಸ್ತಿ ಆಗ್ತದೋ ವಾರ್ಡಿನಾಗೂ ಅವ್ರ ಪಾಲು ಅಷ್ಟಷ್ಟು ಜಾಸ್ತಿ ಆಗ್ತದ. ನೂರಕ್ಕ ನೂರು ಮಂದಿ ಮಾಡಸ್ಕೊಂಡ್ರಂದ್ರ ಅಡ್ಮಿಟ್ ಆದವ್ರೆಲ್ಲಾ ಸೂಜಿ ಆದವ್ರೇ ಇರ್ತಾರಲ್ಲ, ಬ್ಯಾರೆ ಯಾರು ಇರ್ತಾರ? ಅದಕ್ಕ ಹಾಸಿಗಿ ಮ್ಯಾಲ ಯಾರು ಎಷ್ಟು ಅನ್ನೂದಕ್ಕಿಂತ, ಎಷ್ಟು ಮಂದಿಯೊಳಗಿಂದ ಅಷ್ಟು ಬಂದ್ರು ಅಂತ ಕೇಳ್ಬೇಕು. ನಂಗ ಇಡೀ ವಿಷಯದಾಗ ಹೇಳ್ಬೇಕಾಗಿದ್ದು ಇದೊಂದೇ, ಉಳ್ದಿದ್ದೆಲ್ಲಾ ಇದರ ಸುತ್ತನೇ ತಿರುಗ್ತದ.

ಇದ್ರಾಗ ಇನ್ನೊಂದು ಗಂಟು ಅದ, ವಯಸ್ಸಿಂದು. 2021ರ ಆಗಸ್ಟ್‌ನಾಗ ಇಸ್ರೇಲ್ ಸರ್ಕಾರ ಹೊರಗ ಬಿಟ್ಟ ಅಂಕಿ ಹಿಡ್ಕೊಂಡು ಜಗತ್ತೆಲ್ಲಾ ಗದ್ಲ ಆಗಿತ್ತು, ಯಾಕಂದ್ರ ಅಲ್ಲಿ ಸೀರಿಯಸ್ ಆಗಿ ಅಡ್ಮಿಟ್ ಆದವ್ರೊಳಗ ಅರ್ಧಕ್ಕಿಂತ ಜಾಸ್ತಿ, ಸುಮಾರು 58 ಪರ್ಸೆಂಟ್ ಮಂದಿ ಎರಡೂ ಡೋಸ್ ಆದವ್ರಿದ್ರು. ಲಕ್ಷಕ್ಕ ಎಷ್ಟು ಅಂತ ನೋಡಿದ್ರ ಸೂಜಿ ಇಲ್ದವ್ರು 16.4, ಆದವ್ರು 5.3, ಅಂದ್ರ ರಕ್ಷಣೆ 67ರ ಆಸುಪಾಸು, ಅಯ್ಯ ಇಷ್ಟೇನಾ ಅನಸ್ತದ. ಆದ್ರ ಅದೇ ಅಂಕಿನ ವಯಸ್ಸಿನ ಮ್ಯಾಲ ಒಡದು ನೋಡಿದ್ರ ಕಥಿನೇ ಬ್ಯಾರೆ. 50ರೊಳಗಿನವ್ರೊಳಗ ಲಕ್ಷಕ್ಕ 3.9 ಇದ್ದಿದ್ದು 0.3ಕ್ಕ ಇಳಿದದ, 50 ದಾಟಿದವ್ರೊಳಗ 91.9 ಇದ್ದಿದ್ದು 13.6ಕ್ಕ ಇಳಿದದ. ರಕ್ಷಣೆ ಸಣ್ಣವ್ರಾಗ 92ರ ಹತ್ರ, ದೊಡ್ಡವ್ರಾಗ 85. ಎರಡೂ ಗುಂಪಿನಾಗ 85ರ ಮ್ಯಾಲ ಇದ್ದಿದ್ದು ಕೂಡ್ಸಿದ ಕೂಡ್ಲೇ 67 ಹ್ಯಾಂಗ ಆಯ್ತು? ಯಾಕಂದ್ರ ಸೂಜಿ ಮಾಡಸ್ಕೊಳ್ಳದವ್ರೊಳಗ ಹೆಚ್ಚಿನವ್ರು ಹರೇದ ಹುಡುಗ್ರು, ಅವ್ರು ಸೂಜಿ ಇಲ್ದಿದ್ರೂ ದವಾಖಾನಿಗಿ ಬರೋದು ಕಮ್ಮಿನೇ, ಮಾಡಸ್ಕೊಂಡವ್ರೊಳಗ ವಯಸ್ಸಾದವ್ರು ತುಂಬಿದ್ರು, ಅವ್ರಿಗಿ ಅಪಾಯ ಮೊದ್ಲೇ ಜಾಸ್ತಿ. ಹಸಿ ತೊಗರಿ ಒಣ ತೊಗರಿ ಒಂದೇ ಚೀಲದಾಗ ಹಾಕಿ ತೂಗಿ ಎಪಿಎಂಸಿಯೊಳಗ ರೇಟು ಕೇಳಿದಂಗ ಅದು, ತೂಕ ಖರೇ ಇದ್ರೂ ರೇಟು ಖರೇ ಬರಂಗಿಲ್ಲ. ಹಸೀದು ಹಸೀದರ ಕೂಡ, ಒಣದು ಒಣದರ ಕೂಡ ಹಿಡ್ದು ನೋಡ್ಬೇಕು. ಜೇವರ್ಗಿ ಮುತ್ಯಾಗ ಎರಡು ಡೋಸ್ ಆಗಿತ್ತು, ಆದ್ರ ವಯಸ್ಸು ಎಪ್ಪತ್ತು ದಾಟಿ ಶುಗರ್ ಬ್ಯಾರೆ ಇತ್ತು. ಸೂಜಿ ಇಲ್ದ 25ರ ಹುಡುಗನಕಿಂತ ಅವ್ರಿಗಿ ಅಪಾಯ ಜಾಸ್ತಿ ಇರಬಹುದು, ಆದ್ರ ಸೂಜಿ ಇಲ್ದ ಎಪ್ಪತ್ತರ ಮುತ್ಯಾನಕಿಂತ ಭಾಳ ಭಾಳ ಕಮ್ಮಿ.

ಮತ್ತ ಸೂಜಿ ಮಾಡಸ್ಕೊಂಡ್ರೂ ಬರೋದ್ಯಾಕ ಅನ್ನೂದು. ಇದು ಶರೀರದಾಗ ನಡಿಯೂ ಕೆಲ್ಸದ ಮಾತು, ಜರಾ ನಿಧಾನ ಓದ್ರಿ. ನಮ್ಮ ಹಳೆ ಊರುಗಳಿಗಿ ಅಗಸಿ ಇರ್ತಿತ್ತಲ್ಲ, ಊರ ಬಾಗಿಲ, ಒಳಗ ಎತ್ತರಕ್ಕ ಹುಡೇವು ಅಂದ್ರ ಕಾವಲು ಬುರುಜು, ಅದರ ಸುತ್ತ ಮನಿ. ಮೂಗು ಗಂಟಲು ಅಂದ್ರ ಅಗಸಿ, ಪುಪ್ಪಸ (ಶ್ವಾಸಕೋಶ) ಅಂದ್ರ ಊರ ಒಳಗಿನ ಮನಿ. ತೋಳಿಗಿ ಹಾಕಿದ ಸೂಜಿಯಿಂದ ತಯಾರಾಗೂ ಆಂಟಿಬಾಡಿ ಹೆಚ್ಚಾಗಿ ರಕ್ತದಾಗ ತಿರುಗ್ತಾವ, ಮೂಗಿನ ಒಳಪದರಕ್ಕ ಹೋಗಿ ನಿಲ್ಲೂದು ಕಮ್ಮಿ, ನಿಂತಿದ್ದೂ ಕೆಲವು ತಿಂಗಳಾಗ ಇಳೀತಾವ. ಅಂದ್ರ ಅಗಸ್ಯಾಗ ಕಾವಲು ಸಡ್ಲ ಆಗ್ತದ, ವೈರಸ್ ಒಳಗ ಕಾಲಿಡ್ತದ, ಮೂಗು ಸೋರ್ತದ, ಗಂಟಲು ಕೆರೀತದ, ಟೆಸ್ಟ್ ಮಾಡಿದ್ರ ಪಾಸಿಟಿವ್ ಬರ್ತದ. ಆದ್ರ ಊರೊಳಗ ನೆನಪಿನ ಕೋಶಗಳು ಮಲ್ಗಿರ್ತಾವ, ಮೆಮೊರಿ ಬಿ ಸೆಲ್, ಟಿ ಸೆಲ್ ಅಂತಾರ, ಅವು ಈ ವೈರಸ್ಸಿನ ಮಾರಿ ಮೊದ್ಲೇ ನೋಡ್ಯಾವ, ಎದ್ದು ತಯಾರಾಗ್ಲಿಕ್ಕ ಮೂರು ನಾಕು ಐದು ದಿನ ಹಿಡೀತದ. ಮೂಗಿನ ಸೋಂಕು ಅಷ್ಟರಾಗೇ ಆಗಿ ಹೋಗಿರ್ತದ, ಅದನ್ನ ತಡೀಲಿಕ್ಕ ಅವಕ್ಕ ಟೈಮ್ ಸಿಗಂಗಿಲ್ಲ. ಆದ್ರ ಪುಪ್ಪಸ ಕೆಡೋದು ಸಾಮಾನ್ಯ ಒಂದ್ ವಾರ ಆದ ಮ್ಯಾಲ, ಎರಡ್ನೇ ವಾರದಾಗ. ಆ ವಾರದ ಗಡುವು ಅದ ನೋಡ್ರಿ, ಸೂಜಿ ಗೆಲ್ಲೂದು ಅಲ್ಲೇ. ವೈರಸ್ ಅಗಸಿ ದಾಟಿ ಮನಿಗಿ ಬರೋಷ್ಟೊತ್ತಿಗಿ ಒಳಗಿನವ್ರು ಬಡಿಗಿ ಹಿಡ್ದು ನಿಂತಿರ್ತಾರ.

ಸೂಜಿ ಇಲ್ದ ಶರೀರಕ್ಕ ಈ ವೈರಸ್ ಹೊಸಾದು. ಅದು ಗುರ್ತು ಹಿಡ್ದು ಸೈನ್ಯ ಕಟ್ಲಿಕ್ಕ ಎರಡು ವಾರ ತಗೊಳ್ತದ, ಅಷ್ಟರಾಗ ವೈರಸ್ ಪುಪ್ಪಸದಾಗ ಹಬ್ಬಿರ್ತದ, ತಡಾ ಆಗಿ ಎದ್ದ ಸೈನ್ಯ ಕಂಡಕಂಡಲ್ಲಿ ಬಡೀತದ, ಉರಿಯೂತ ಜೋರಾಗಿ ಗಾಳಿಚೀಲದಾಗ ನೀರು ತುಂಬ್ತದ, ಆಕ್ಸಿಜನ್ ನೋಡೂ ಬೆರಳಿನ ಮಿಷಿನ್‌ನಾಗ 95 ಇದ್ದಿದ್ದು 88, 82 ಅಂತ ಇಳ್ಕೊಂತ ಹೋಗ್ತದ. ಸೀರಿಯಸ್ ಆದ ಭಾಳ ಮಂದಿಗಿ ಹಿಂಗೇ ಆಗಿದ್ದು. ವೈರಸ್ಸಿನ ಹಾವಳಿ ಒಂದು, ಅದರ ಮ್ಯಾಲ ನಮ್ಮದೇ ಶರೀರದ ಗಾಬರಿ ಒಂದು.

ಹಂಗಾಗಿ ಸೂಜಿಯ ರಕ್ಷಣೆ ಒಂದೇ ಅಂಕಿ ಅಲ್ಲ, ಕೆಳಗ ಇಳಿದಂಗ ಗಟ್ಟಿ ಆಗೂ ಮೆಟ್ಟಿಲು. ಇದಕ್ಕ ನಮ್ಮ ದೇಶದ್ದೇ ಒಂದು ಛಲೋ ದಾಖಲೆ ಅದ, ವೆಲ್ಲೂರಿನ ಸಿಎಂಸಿ ಆಸ್ಪತ್ರೆ ತನ್ನ 10,000ಕ್ಕೂ ಜಾಸ್ತಿ ಸಿಬ್ಬಂದಿಯ ಲೆಕ್ಕ ಹಾಕಿತ್ತು, 2021ರ ಎರಡನೇ ಅಲಿ ಒಳಗ, ಹೆಚ್ಚಿನವ್ರಿಗಿ ಕೋವಿಶೀಲ್ಡ್ ಆಗಿತ್ತು. ಎರಡೂ ಡೋಸ್ ಆದವ್ರೊಳಗ ಸೋಂಕು 65 ಪರ್ಸೆಂಟ್ ಕಮ್ಮಿ, ಅಡ್ಮಿಷನ್ 77 ಕಮ್ಮಿ, ಆಕ್ಸಿಜನ್ ಬೇಕಾಗೂದು 92 ಕಮ್ಮಿ, ಐಸಿಯು 94 ಕಮ್ಮಿ. ಇದನ್ನ ಎರಡು ಸರ್ತಿ ಓದ್ರಿ. ಸೋಂಕಿನಾಗ 65ಕ್ಕ ನಿಂತಿದ್ದು ಐಸಿಯು ಬಾಗಲಿಗಿ ಬರೋಷ್ಟೊತ್ತಿಗಿ 94 ಆಗ್ಯದ. ಅವ್ರು ಹೆಚ್ಚಿನವ್ರು ವಯಸ್ಸಿನವ್ರಲ್ಲ, ದುಡಿಯೂ ಮಂದಿ, ಅದನ್ನೂ ನೆನಪಿಡ್ಬೇಕು, ಆದ್ರ ಮೆಟ್ಟಿಲಿನ ಆಕಾರ ಎಲ್ಲಾ ಕಡಿ ಹಿಂಗೇ ಕಂಡದ. ಇಂಗ್ಲೆಂಡಿನಾಗ ಡೆಲ್ಟಾ (ನಮ್ಮ ಎರಡ್ನೇ ಅಲಿಯ ವೈರಸ್ ತಳಿ) ಟೈಮಿಗಿ ನಮ್ಮ ಕೋವಿಶೀಲ್ಡ್‌ನದೇ ಮೂಲ ಸೂಜಿ ಆಸ್ಟ್ರಾಜೆನಿಕಾದ ಎರಡು ಡೋಸ್ ಲಕ್ಷಣದ ಕಾಯಿಲೆ ತಡದಿದ್ದು 67 ಪರ್ಸೆಂಟ್, ಅಡ್ಮಿಷನ್ ತಡದಿದ್ದು 92. ಕೋವ್ಯಾಕ್ಸಿನ್ ಟ್ರಯಲ್‌ನಾಗೂ ಲಕ್ಷಣಕ್ಕ 77.8, ಗಂಭೀರ ಕಾಯಿಲೆಗಿ 93.4. "ಸೂಜಿ ಮಾಡಸ್ಕೊಂಡ್ರೂ ಬಂತು" ಅನ್ನವ್ರು ಮ್ಯಾಲಿನ ಮೆಟ್ಟಿಲು ನೋಡ್ಲತ್ತಾರ, ನಾವು ರೆಕಾರ್ಡ್ ರೂಮಿನವ್ರು ಕೆಳಗಿನ ಮೆಟ್ಟಿಲು ನೋಡ್ತೀವಿ.

ಹಂಗಿದ್ರ 2021ರ ಏಪ್ರಿಲ್ ಮೇ ಯಾಕ ಹಂಗಾಯ್ತು, ಸೂಜಿ ಜನವರಿಗೇ ಬಂದಿತ್ತಲ್ಲ ಅಂತ ಕೇಳ್ತಾರ. ಬಂದಿತ್ತು ಖರೇ, ಜನವರಿ 16ಕ್ಕ ಶುರು ಆಯ್ತು, ಆದ್ರ ಮೊದ್ಲ ದವಾಖಾನಿ ಸಿಬ್ಬಂದಿಗಿ, ಮಾರ್ಚ್ 1ರಿಂದ 60 ದಾಟಿದವ್ರಿಗಿ ಮತ್ತ ಬ್ಯಾನಿ ಇರೋ 45 ದಾಟಿದವ್ರಿಗಿ, ಏಪ್ರಿಲ್ 1ರಿಂದ 45 ದಾಟಿದ ಎಲ್ಲಾರಿಗಿ, ಮೇ 1ರಿಂದ 18 ದಾಟಿದವ್ರಿಗಿ. ಏಪ್ರಿಲ್ ಮುಗಿಯೋಷ್ಟೊತ್ತಿಗಿ ದೇಶದಾಗ 15 ಕೋಟಿ ಡೋಸ್ ಆಗಿತ್ತು, ಕೇಳ್ಲಿಕ್ಕ ದೊಡ್ಡದು, ಆದ್ರ ಎರಡೂ ಡೋಸ್ ಆದವ್ರು 3 ಕೋಟಿಗಿಂತ ಕಮ್ಮಿ. ಅಲಿ ಏರಿ ಮೇ 6ಕ್ಕ ಒಂದೇ ದಿನ 4.14 ಲಕ್ಷ ಕೇಸ್ ಬಂತು. ಸೂಜಿ ಹಾಕಿದ ದಿನಾನೇ ಕೆಲ್ಸ ಮಾಡಂಗಿಲ್ಲ, ಎರಡು ವಾರ ಬೇಕು, ಪೂರಾ ಬಲಕ್ಕ ಎರಡ್ನೇ ಡೋಸ್ ಬೇಕು, ಕೋವಿಶೀಲ್ಡ್ ಎರಡ್ನೇ ಡೋಸಿನ ಅಂತರ ಮೇ ತಿಂಗಳಾಗ 12ರಿಂದ 16 ವಾರ ಮಾಡಿದ್ರು. ಏಪ್ರಿಲ್‌ನಾಗ ಮೊದಲ್ನೇ ಡೋಸ್ ಆದ ನಮ್ಮ ಅವ್ವಂಗ ಎರಡ್ನೇದು ಆಗಿದ್ದು ಜುಲೈನಾಗ, ಅಷ್ಟೊತ್ತಿಗಿ ಅಲಿ ಬಂದು ಹೋಗಿತ್ತು. ಬೀಜ ಹಾಕಿದ ಮರುದಿನಾನೇ ರಾಶಿ ಮಾಡ್ಲಿಕ್ಕ ಬರ್ತದೇನ್ರಿ. ಇನ್ನೊಂದು, ಆ ದಿನಗಳಾಗ ವೈರಸ್ ಎಲ್ಲಾ ಕಡಿ ಇತ್ತು, ಸೂಜಿ ಹಾಕಿಸ್ಕೊಂಡ್ ಬಂದ ನಾಕ್ ದಿನಕ್ಕ ಜ್ವರಾ ಬಂದ್ ಅಡ್ಮಿಟ್ ಆದವ್ರ ಭಾಳ ಮಂದಿಗಿ ಸೋಂಕು ಮೊದ್ಲೇ ಒಳಗ ಹೊಕ್ಕಿತ್ತು, ಆದ್ರ ಊರಾಗ ಸುದ್ದಿ ಹಬ್ಬಿದ್ದು "ಸೂಜಿ ಮಾಡಸ್ಕೊಂಡ, ಬಿದ್ದ" ಅಂತ. ಆ ಸುದ್ದಿಯಿಂದ ಆಶಾ ಅಕ್ಕಂದಿರು ಬಂದಾಗ ಬಾಗಿಲ ಹಾಕ್ಕೊಂಡ ಮನಿ ನಾ ಕಣ್ಣಾರೆ ನೋಡೀನಿ, ಅವ್ರ ಮ್ಯಾಲ ನಂಗ ಸಿಟ್ಟಿಲ್ಲ, ಹೆದರಿಕಿ ಅಂಥಾದ್ದಿತ್ತು, ಆದ್ರ ಆ ಮನಿಗಳ ನೆನಪಾದ್ರ ಸಂಕಟ ಆಗ್ತದ.

2022ರ ಜನವರಿಗಿ ವೈರಸ್ಸಿನ ಹೊಸ ತಳಿ ಒಮಿಕ್ರಾನ್ ಬಂತು, ಕಾಕಾ ಕೇಳಿದ ಮೂರನೇ ಅಲಿ ಇದೇ. ದೇಶದ ಮೊದಲ ಎರಡು ಕೇಸ್ ನಮ್ಮ ರಾಜ್ಯದಾಗೇ, ಬೆಂಗಳೂರಿನಾಗ, ಡಿಸೆಂಬರ್ 2ಕ್ಕ ತಿಳ್ದಿತ್ತು. ಮಂದಿ ಮತ್ತ ಹೆದರಿದ್ರು, ದಿನಕ್ಕ ಮೂರು ಲಕ್ಷದ ಮ್ಯಾಲ ಕೇಸ್ ಬಂದ್ವು. ಜನವರಿ 10ಕ್ಕ ಕೇಂದ್ರದ ಆರೋಗ್ಯ ಕಾರ್ಯದರ್ಶಿ ರಾಜ್ಯಗಳಿಗಿ ಬರ್ದ ಪತ್ರದಾಗ, ಎರಡ್ನೇ ಅಲಿಯೊಳಗ ಸಕ್ರಿಯ ಕೇಸಿನ 20ರಿಂದ 23 ಪರ್ಸೆಂಟ್ ಮಂದಿಗಿ ಅಡ್ಮಿಷನ್ ಬೇಕಾಗಿತ್ತು, ಈಗ 5ರಿಂದ 10 ಅಷ್ಟೇ, ಆದ್ರ ಇದು ಬದ್ಲಾಗಬಹುದು ಹುಷಾರ್ ಅಂತಿತ್ತು. ನಮ್ಮ ವಾರ್ಡಿನಾಗೂ ಅದೇ ಕಂಡ್ತು, ಟೆಸ್ಟ್ ಕೌಂಟರ್ ಮುಂದ ಸಾಲು ಉದ್ದ, ಒಳಗ ಹಾಸಿಗಿ ಖಾಲಿ.

ಇಲ್ಲಿ ನಾ ಸೂಜಿ ಪರ ಇದ್ರೂ ಒಂದ್ ಮಾತು ಖರೇ ಹೇಳ್ಬೇಕು, ಈ ಇಳಿತ ಪೂರಾ ಸೂಜಿದೇ ಅಂದ್ರ ಅದು ತಪ್ಪು. ಮೂರು ಕೈ ಸೇರಿದ್ವು. ಒಂದು ಸೂಜಿ. ಇನ್ನೊಂದು ಎರಡ್ನೇ ಅಲಿಯೊಳಗ ಸೋಂಕು ತಾಗಿ ಬಂದ ಶಕ್ತಿ, 2021ರ ಜೂನ್ ಜುಲೈನಾಗ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿದ ರಕ್ತ ಪರೀಕ್ಷೆ ಸರ್ವೆಯೊಳಗ, ಸೂಜಿ ಆದವ್ರನ್ನೂ ಹಿಡ್ದು, 67.6 ಪರ್ಸೆಂಟ್ ಮಂದ್ಯಾಗ ಆಂಟಿಬಾಡಿ ಸಿಕ್ಕಿತ್ತು, ಆದ್ರ ಆ ಶಕ್ತಿಗಿ ನಾವು ಕೊಟ್ಟ ಬೆಲಿ ಎಷ್ಟಂತ ನಮ್ಮ ಕಡಿ ಮನಿ ಮನಿಗಿ ಗೊತ್ತದ. ಮೂರ್ನೇದು ಒಮಿಕ್ರಾನ್ ತಾನೇ ಡೆಲ್ಟಾಕ್ಕಿಂತ ಜರಾ ಮೆತ್ತಗ, ಪುಪ್ಪಸಕ್ಕಿಂತ ಗಂಟಲಿನಾಗ ಜಾಸ್ತಿ ಬೆಳಿಯೂ ಸ್ವಭಾವ. ಹಂಗಾದ್ರ ಸೂಜಿ ಇಲ್ದಿದ್ರೂ ನಡೀತಿತ್ತಲ್ಲ ಅಂದ್ರ, ಹಾಂಗ್‌ಕಾಂಗ್ ನೋಡ್ರಿ. ಅಲ್ಲಿ ಎರಡು ವರ್ಷ ವೈರಸ್ಸನ್ನ ಬಾಗಿಲ ಹೊರಗೇ ಇಟ್ಟಿದ್ರು, ಸಾವು ಬರೇ ಇನ್ನೂರರ ಮ್ಯಾಲ ಕೆಲವು, ಸೂಜಿ ಸಾಕಷ್ಟಿತ್ತು, ಆದ್ರ ಹಿರಿಯರು ಹೆದರಿ ಮಾಡಸ್ಕೊಂಡಿರ್ಲಿಲ್ಲ, 80 ದಾಟಿದವ್ರೊಳಗ ಅರ್ಧಕ್ಕಿಂತ ಭಾಳ ಕಮ್ಮಿ ಮಂದಿಗಿ ಎರಡು ಡೋಸ್ ಆಗಿತ್ತು. 2022ರ ಫೆಬ್ರವರಿ ಮಾರ್ಚ್‌ಗಿ ಅದೇ ಮೆತ್ತಗಿನ ಒಮಿಕ್ರಾನ್ ಒಳಗ ಹೋಯ್ತು, ಕೆಲವೇ ತಿಂಗಳಾಗ 9,000ಕ್ಕೂ ಜಾಸ್ತಿ ಸಾವು, ದವಾಖಾನಿ ಒಳಗ ಜಾಗ ಸಾಲದೇ ಹಿರಿಯರನ್ನ ಹೊರಗ ಅಂಗಳದಾಗ ಮಲಗಸಿದ್ರು, ಥಂಡಿಯೊಳಗ. ಅದೇ ಹೊತ್ತಿಗಿ ಅದೇ ವೈರಸ್ ಬಂದ ನ್ಯೂಜಿಲೆಂಡಿನಾಗ ಹಿರಿಯರಿಗಿ ಹೆಚ್ಚುಕಮ್ಮಿ ಎಲ್ಲಾರಿಗೂ ಸೂಜಿ ಆಗಿತ್ತು, ಅಲ್ಲಿ ಹಂಗ ಆಗ್ಲಿಲ್ಲ. ವೈರಸ್ ಮೆತ್ತಗಿದ್ದಂಗ ಕಂಡಿದ್ದು ಒಳಗ ತಯಾರಿ ಇದ್ದ ಊರಾಗ.

ಇನ್ನ ಹಾಸಿಗಿ ಮಾತು, ಇದು ನಂಗ ದಿನಾ ಸಂಬಂಧಪಟ್ಟಿದ್ದು. ಮಂದಿ ಅಡ್ಮಿಷನ್ ಅಂದ್ರ ದಿನಕ್ಕ ಎಷ್ಟು ಬಂದ್ರು ಅಂತಷ್ಟೇ ನೋಡ್ತಾರ, ಎಷ್ಟು ದಿನ ಇದ್ರು ಅನ್ನೂದು ಬಿಟ್ ಬಿಡ್ತಾರ. ತುಂಬಿರೋ ಹಾಸಿಗಿ ಅಂದ್ರ ದಿನಕ್ಕ ಬರವ್ರು ಗುಣಿಸು ಇರೋ ದಿನ. ದಿನಕ್ಕ 40 ಮಂದಿ ಬಂದು ಹತ್ತತ್ತು ದಿನ ಇದ್ರ 400 ಹಾಸಿಗಿ ಬೇಕು. ಸೂಜಿಯಿಂದ ಬರವ್ರು 10ಕ್ಕ ಇಳಿದು, ಬಂದವ್ರೂ ಐದೇ ದಿನಕ್ಕ ಮನಿಗಿ ಹೋದ್ರಂದ್ರ 50 ಸಾಕು. ಬರವ್ರು ನಾಕ್ನೇ ಒಂದು ಪಾಲಾದ್ರು, ಹಾಸಿಗಿ ಎಂಟ್ನೇ ಒಂದು ಪಾಲಾಯ್ತು, ಎರಡೂ ಕಡಿಯಿಂದ ಲಾಭ. ಆಕ್ಸಿಜನ್ ಲೆಕ್ಕನೂ ಹಂಗೇ, ನಿಮಿಷಕ್ಕ 10 ಲೀಟರ್ ಹಚ್ಚಿದ ಒಬ್ಬ ಮನುಷ್ಯಾಗ ದಿನಕ್ಕ 14,400 ಲೀಟರ್, ಒಂದ್ ಜಂಬೋ ಸಿಲಿಂಡರಿನಾಗ ಇರೋದು ಸುಮಾರು 7,000 ಲೀಟರ್, ಅಂದ್ರ ಒಬ್ಬರಿಗೇ ದಿನಕ್ಕ ಎರಡು ಸಿಲಿಂಡರ್. ಅಂಥಾ ನೂರು ಮಂದಿ ಇದ್ರ ದಿನಾ ಇನ್ನೂರು ಸಿಲಿಂಡರ್ ಲಾರಿಯಿಂದ ಇಳಿಸಿ, ಖಾಲಿಯಾಗಿದ್ದು ಏರಿಸಿ. ಆ ಮೇ ತಿಂಗಳಿನ ಜಳದಾಗ ಸಿಲಿಂಡರ್ ನೆಲಕ್ಕ ಉಳ್ಳೂ ಸಪ್ಪಳ ರಾತ್ರಿಯೆಲ್ಲಾ ಕೇಳಿಸ್ತಿತ್ತು, ಸಪ್ಪಳ ನಿಂತ್ರ ಹೆದರಿಕಿ ಆಗ್ತಿತ್ತು.

ಹಾಸಿಗಿ ಖಾಲಿ ಇರೋದ್ರ ಪುಣ್ಯ ಕೊರೋನಾದವ್ರಿಗಷ್ಟೇ ಅಲ್ಲ. ತೊಗರಿ ಹೊಲದಾಗ ಹಾವು ಕಡದು ಚಿತ್ತಾಪುರದಿಂದ ಬಂದ ಹೆಣ್ಣಮಗಳಿಗಿ, ರಾತ್ರಿ ಎರಡಕ್ಕ ಹೆರಿಗಿ ಬ್ಯಾನಿ ಜೋರಾಗಿ ಸೇಡಂನಿಂದ ಕರ್ಕೊಂಡ್ ಬಂದ ಸೊಸಿಗಿ, ಎದಿ ಹಿಡ್ಕೊಂಡ್ ಬಂದ ಡ್ರೈವರಿಗಿ, ಎಲ್ಲಾರಿಗೂ ಅದೇ ಐಸಿಯು, ಅದೇ ನರ್ಸ್, ಅದೇ ಆಕ್ಸಿಜನ್ ಪೈಪು. ಒಂದ್ ರೋಗ ಎಲ್ಲಾ ಹಾಸಿಗಿ ನುಂಗಿದ್ರ ಇವ್ರು ಯಾವ ಅಂಕಿಯೊಳಗೂ ಬರ್ದೇ ಹೋಗ್ತಾರ. ಹಾಸಿಗಿ ಹಿಂಗ ಖಾಲಿ ಉಳ್ದಿದ್ದು ಇಂಗ್ಲೆಂಡ್ ಕಡಿ ದೊಡ್ಡ ಲೆಕ್ಕದಾಗೂ ಕಂಡದ, 2021ರ ಜನವರಿಗಿ ಬ್ರಿಟನ್ ದವಾಖಾನಿಗಳಾಗ ಸುಮಾರು 39,000 ಕೊರೋನಾ ರೋಗಿಗಳು, ವರ್ಷ ಬಿಟ್ಟು ಒಮಿಕ್ರಾನ್ ಬಂದು ದಿನದ ಕೇಸ್ ಮೂರುಪಟ್ಟು ಆದಾಗ ದವಾಖಾನ್ಯಾಗ ಸುಮಾರು 20,000, ವೆಂಟಿಲೇಟರ್ ಮ್ಯಾಲಿದ್ದವ್ರು 4,000ದ ಹತ್ರ ಇದ್ದಿದ್ದು ಸಾವಿರದೊಳಗ.

ಆ 20,000ದಾಗೂ ಒಂದ್ ತಿರುವು ಅದ. ಕಾಲು ಮುರ್ದು ಬಂದಾಂವಗ ಅಡ್ಮಿಟ್ ಮಾಡೂ ಮೊದ್ಲ ಟೆಸ್ಟ್ ಮಾಡ್ತಾರ, ಪಾಸಿಟಿವ್ ಬಂತು, ಅಂವನೂ ಕೊರೋನಾ ಅಡ್ಮಿಷನ್ ಲಿಸ್ಟಿನಾಗ. ಒಮಿಕ್ರಾನ್ ಹಂಗ ಎಲ್ಲಾರಿಗೂ ಹಬ್ಬಿದ ಟೈಮಿಗಿ ಇಂಥವ್ರು ಜಾಸ್ತಿ ಆಗ್ತಾರ, ಅವ್ರೊಳಗ ಹೆಚ್ಚಿನವ್ರು ಸೂಜಿ ಆದವ್ರೇ ಇರ್ತಾರ, ಯಾಕಂದ್ರ ಊರೆಲ್ಲಾ ಸೂಜಿ ಆದವ್ರೇ. ಕೊರೋನಾದಿಂದ ಬಂದವ್ರು ಬ್ಯಾರೆ, ಕೊರೋನಾ ಹೊತ್ಕೊಂಡ್ ಬಂದವ್ರು ಬ್ಯಾರೆ, ಎರಡನ್ನೂ ಒಂದೇ ಖಾನ್ಯಾಗ ಹಾಕಿದ್ರ ಸೂಜಿಯ ಬಲ ಕಮ್ಮಿ ಕಾಣ್ತದ. ಅದಕ್ಕೇ ತಿಳ್ದವ್ರು ಆಕ್ಸಿಜನ್ ಮತ್ತ ಐಸಿಯು ಅಂಕಿಗಿ ಜಾಸ್ತಿ ಬೆಲಿ ಕೊಡ್ತಾರ, ಕಾಲು ಮುರ್ದಾಂವಗ ಆಕ್ಸಿಜನ್ ಹಚ್ಚಂಗಿಲ್ಲಲ್ಲ.

ಹಂಗಾದ್ರ ಮನ್ಯಾಗ ಉಳ್ದವ್ರ ಲೆಕ್ಕ ಯಾರು ಹ್ಯಾಂಗ ಮಾಡ್ತಾರ? ಒಂದ್ ದಾರಿ, ಸೂಜಿ ಪಟ್ಟಿ, ಟೆಸ್ಟ್ ಪಟ್ಟಿ, ಸಾವಿನ ಪಟ್ಟಿ ಮೂರನ್ನೂ ಜೋಡ್ಸೂದು. 2021ರ ಸೆಪ್ಟೆಂಬರ್‌ನಾಗ ಐಸಿಎಂಆರ್ ಸರ್ಕಾರದ ಸೂಜಿ ನೋಂದಣಿ ಕೋವಿನ್ ಪಟ್ಟಿ ಕೂಡ ಹಂಗ ಜೋಡ್ಸಿ, ಏಪ್ರಿಲ್ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಸಾವು ತಡೆಯೂದ್ರಾಗ ಒಂದ್ ಡೋಸ್ 96.6, ಎರಡು ಡೋಸ್ 97.5 ಪರ್ಸೆಂಟ್ ಅಂತ ಹೇಳಿತ್ತು. ಇಂಥಾ ಲೆಕ್ಕದಾಗ ಒಂದ್ ಸಡ್ಲ ಇರ್ತದ, ಹಾಸಿಗಿ ಹಿಡ್ದು ಸಾಯೂ ಸ್ಥಿತ್ಯಾಗಿರೋ ಮುದುಕರನ್ನ ಸೂಜಿ ಸೆಂಟರಿಗಿ ಕರ್ಕೊಂಡ್ ಹೋಗೂದು ಕಮ್ಮಿ, ಗಟ್ಟಿ ಇದ್ದವ್ರೇ ಹೋಗ್ತಾರ, ಹಂಗಾಗಿ ಸೂಜಿ ಜರಾ ಜಾಸ್ತಿನೇ ಛಲೋ ಕಾಣ್ತದ. ಇದನ್ನ ತಪ್ಪಸ್ಲಿಕ್ಕ ಇನ್ನೊಂದು ದಾರಿ ಹುಡಕ್ಯಾರ, ನಂಗ ಭಾಳ ಹಿಡಿಸಿದ್ದು ಇದು. ದಮ್ಮು ಕೆಮ್ಮು ಅಂತ ದವಾಖಾನಿಗಿ ಬಂದ ಎಲ್ಲಾರಿಗೂ ಟೆಸ್ಟ್ ಮಾಡ್ತಾರ. ಕೆಲವ್ರು ಪಾಸಿಟಿವ್, ಕೆಲವ್ರು ನೆಗೆಟಿವ್, ಅಂದ್ರ ಅವ್ರಿಗಿ ಬ್ಯಾರೆ ನ್ಯುಮೋನಿಯಾ. ಎರಡೂ ಗುಂಪಿನವ್ರೂ ಒಂದೇ ದವಾಖಾನಿಗಿ ಬರೋ ಮಂದಿ, ಒಂದೇ ಥರದ ಲಕ್ಷಣ. ಕೊರೋನಾ ಸೂಜಿ ಬ್ಯಾರೆ ನ್ಯುಮೋನಿಯಾ ತಡಿಯಂಗಿಲ್ಲ, ಹಂಗಾಗಿ ನೆಗೆಟಿವ್ ಗುಂಪಿನಾಗ ಸೂಜಿ ಆದವ್ರು ಎಷ್ಟೋ ಅದೇ ಊರಿನ ಅಳತಿ. ಪಾಸಿಟಿವ್ ಗುಂಪಿನಾಗ ಅದಕ್ಕಿಂತ ಎಷ್ಟು ಕಮ್ಮಿ ಅದಾರೋ ಅದರ ಮ್ಯಾಲ ಸೂಜಿಯ ಕೆಲ್ಸ ತಿಳೀತದ. ಮನ್ಯಾಗ ಉಳ್ದವ್ರನ್ನ ಎಣಸ್ಲಿಕ್ಕ ಮನಿ ಮನಿ ತಿರುಗ್ಲಿಲ್ಲ, ವಾರ್ಡಿನ ಒಳಗೇ ಊರಿನ ಅಳತಿಗೋಲು ಸಿಕ್ತು!

ಈ ಎಲ್ಲಾ ಲೆಕ್ಕಕ್ಕ ನನ್ನಂಥವ್ರು ಬರಿಯೂ ಒಂದ್ ಸಣ್ಣ ಖಾನೆ ಆಧಾರ, ಅದ್ರಾಗ ನಾವು ತಪ್ಪು ಮಾಡೀವಿ. 2 ಅಂತ ಬರ್ದ್ವಿ, ಎರಡ್ನೇದು ಯಾವಾಗ ಆಯ್ತು ಅಂತ ಬರೀಲಿಲ್ಲ. ಸೂಜಿಯ ಬಲ ದಿನ ಹೋದಂಗ ಇಳೀತದ, ಅಡ್ಮಿಷನ್ ತಡಿಯೂ ಬಲ ನಿಧಾನಕ್ಕ, ಸೋಂಕು ತಡಿಯೂ ಬಲ ಜಲ್ದಿ, ವಯಸ್ಸಾದವ್ರಾಗ ಇನ್ನೂ ಜಲ್ದಿ. ಹದಿನೈದು ದಿನದ ಹಿಂದ ಆದವ್ರೂ 2, ಹತ್ತು ತಿಂಗಳ ಹಿಂದ ಆದವ್ರೂ 2. ಒಮಿಕ್ರಾನ್ ಬಂದ ಹೊತ್ತಿಗಿ ಹಿರಿಯರಿಗಿ ಹೆಚ್ಚಿನವ್ರಿಗಿ ತಿಂಗಳುಗಟ್ಟಲೆ ಆಗಿತ್ತು, ಅದಕ್ಕೇ ಮುನ್ನೆಚ್ಚರಿಕೆ ಡೋಸ್ ಅಂತ 2022ರ ಜನವರಿ 10ರಿಂದ ಶುರು ಮಾಡಿದ್ದು. ಬ್ರಿಟನ್ನಿನಾಗ ಮೂರ್ನೇ ಡೋಸ್ ಆದ ಮ್ಯಾಲ ಒಮಿಕ್ರಾನ್ ಅಡ್ಮಿಷನ್ ತಡಿಯೂ ಬಲ ಮತ್ತ 88 ಪರ್ಸೆಂಟಿನ ಹತ್ರ ಬಂತು. ನಮ್ಮ ಕಡಿ ಅದನ್ನ ಮಾಡಸ್ಕೊಂಡವ್ರು ಕಮ್ಮಿ, ಅಲಿ ಇಳೀತು, ಮಂದಿ ಮರ್ತ್ರು.

ಸೂಜಿಯಿಂದ ತೊಂದ್ರಿನೇ ಇಲ್ಲ ಅಂತ ನಾ ಹೇಳಂಗಿಲ್ಲ. ಕೋವಿಶೀಲ್ಡ್ ಥರದ ಸೂಜಿಯಿಂದ ಅಪರೂಪಕ್ಕ, ಲಕ್ಷಕ್ಕ ಒಬ್ರಿಬ್ರ ಲೆಕ್ಕದಾಗ, ರಕ್ತ ಹೆಪ್ಪುಗಟ್ಟೂ ಕಾಯಿಲೆ ಬಂದದ, ಹರೇದವ್ರಾಗ ಜಾಸ್ತಿ ಕಂಡಿದ್ದಕ್ಕ ಬ್ರಿಟನ್ 2021ರ ಏಪ್ರಿಲ್‌ನಾಗೇ 30ರೊಳಗಿನವ್ರಿಗಿ ಬ್ಯಾರೆ ಸೂಜಿ ಕೊಡ್ರಿ ಅಂತು. ಆ ಒಬ್ಬರ ಮನ್ಯಾಗಿನ ದುಃಖಕ್ಕ ಪರ್ಸೆಂಟ್ ಹೇಳಿ ಸಮಾಧಾನ ಮಾಡ್ಲಿಕ್ಕ ಬರಂಗಿಲ್ಲ. ಆದ್ರ 60 ದಾಟಿದವ್ರ ತಕ್ಕಡಿಯೊಳಗ ಇನ್ನೊಂದು ಕಡಿ ಇದ್ದ ಭಾರ ಯಾವ್ದಂತ ನಾ ಎರಡು ವರ್ಷ ಕೈಯಾರೆ ಬರ್ದೀನಿ.

ಕಾಕಾಗ ಫೋನ್ ಮಾಡಿ ಇಷ್ಟೂ ಹೇಳಿದೆ, ಒಂದ್ ತಾಸು ಹಿಡೀತು. ಎಲ್ಲಾ ಕೇಳಿ ಅವ್ರು, "ಆವಾಗ ದಿನಾ ಸಂಜಿಗಿ ಮೊಬೈಲಿಗಿ ಬುಲೆಟಿನ್ ಬರ್ತಿತ್ತಲ್ಲ ತಮ್ಮಾ, ಇಂದು ಇಷ್ಟು ಕೇಸು, ಇಷ್ಟು ಸಾವು ಅಂತ, ಅದ್ರಾಗ ಇದನ್ಯಾಕ ಹಾಕ್ಲಿಲ್ಲ?" ಅಂದ್ರು. ನನ್ನ ಹಂತ್ಯಾಕ ಉತ್ತರ ಇರ್ಲಿಲ್ಲ. ಹಾಕ್ಬೇಕಾಗಿತ್ತು, ನಾಳೆ ಇನ್ನೊಂದು ಉಸಿರಾಟದ ವೈರಸ್ ಬಂದ್ರ ಹಾಕ್ಲೇಬೇಕು. ಹೆಚ್ಚೇನಿಲ್ಲ, ಕೇಸು ಸಾವಿನ ಕೆಳಗ ಎರಡೇ ಸಾಲು: ಈ ವಾರ ನಮ್ಮ ಜಿಲ್ಲಾದಾಗ 60 ದಾಟಿದ, ಸೂಜಿ ಆದ ಲಕ್ಷ ಮಂದಿಗಿ ಅಡ್ಮಿಷನ್ ಎಷ್ಟು, 60 ದಾಟಿದ, ಸೂಜಿ ಆಗದ ಲಕ್ಷ ಮಂದಿಗಿ ಎಷ್ಟು.